ವರ್ಮಾಂಟ್‌ನ ಒಂದು ಕೌಂಟಿಯಲ್ಲಿ ಯಾವ ಊರಲ್ಲಿ ಎಷ್ಟು ಇಟಲಿ ಮೂಲದವರು? ಈ ಪಟ್ಟಿ ಓದೋದು ಹೇಗೆ?

ಬೇಲೂರು ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಬೇಲೂರು ತಾಲ್ಲೂಕಿನಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಮಗಳು, ಅಳಿಯ ಇರೋದು ಅಮೆರಿಕದ ವರ್ಮಾಂಟ್ ರಾಜ್ಯದ ಮಾಂಟ್‌ಪೀಲಿಯರ್‌ನಲ್ಲಿ. ಹೆಸರಿಗೆ ರಾಜಧಾನಿ, 2020ರ ಗಣತಿಯಲ್ಲಿ ಜನ 8,074. ನಮ್ಮ ಬೇಲೂರು ಪಟ್ಟಣದಲ್ಲೇ ಅದರ ಎರಡರಷ್ಟು ಜನಕ್ಕಿಂತ ಹೆಚ್ಚಿದ್ದಾರೆ! ಆ ಊರಿರೋ ವಾಷಿಂಗ್ಟನ್ ಕೌಂಟಿ (ನಮ್ಮಲ್ಲಿ ಜಿಲ್ಲೆ ಇದ್ದ ಹಾಗೆ) ಪೂರ್ತಿ ಸೇರಿಸಿದರೂ 60 ಸಾವಿರಕ್ಕೆ ಸ್ವಲ್ಪ ಕಡಿಮೆ.

ಮೊಮ್ಮಗನಿಗೆ ಶಾಲೆಯಲ್ಲಿ ಒಂದು ಕೆಲಸ ಕೊಟ್ಟಿದ್ದಾರೆ: ಕೌಂಟಿಯ ಯಾವ ಯಾವ ಊರಲ್ಲಿ ಇಟಲಿ ಮೂಲದವರು ಎಷ್ಟಿದ್ದಾರೆ, ಯಾಕೆ ಅಲ್ಲೇ ಇದ್ದಾರೆ ಅಂತ ಬರೆಯಬೇಕಂತೆ. "ತಾತ, ನೀನು ಗಣತಿ ಮಾಡಿದ್ದೀಯಲ್ಲ, ಹೇಳು" ಅಂತ ಪಟ್ಟಿ ವಾಟ್ಸಾಪ್‌ನಲ್ಲಿ ಕಳಿಸಿದ್ದಾನೆ. 2001ರಲ್ಲಿ ನಾನು ಗಣತಿ ಮಾಡಿದ್ದು ನಿಜ. ಆದರೆ ಈ ಪಟ್ಟಿ ನನ್ನ ತಲೆಗೆ ಹತ್ತುತ್ತಿಲ್ಲ.

ಒಂದು, ಬ್ಯಾರಿ ಅನ್ನೋ ಊರು ಎರಡು ಸಲ ಬಂದಿದೆ, ಸಂಖ್ಯೆ ಬೇರೆ ಬೇರೆ. (ನಮ್ಮ ಕರಾವಳಿಯ ಬ್ಯಾರಿಗಳಿಗೂ ಇದಕ್ಕೂ ಸಂಬಂಧವಿಲ್ಲ.) ಎರಡು, ಪ್ರತಿ ಸಂಖ್ಯೆಯ ಪಕ್ಕ ± ಹಾಕಿ ಇನ್ನೊಂದು ಸಂಖ್ಯೆ ಇದೆ. ಮೂರು, ಇಟಲಿ, ಐರ್ಲೆಂಡ್, ಫ್ರಾನ್ಸ್, ಇಂಗ್ಲೆಂಡ್ ಎಲ್ಲ ಕೂಡಿಸಿದರೆ ಊರಿನ ಒಟ್ಟು ಜನಕ್ಕಿಂತ ಜಾಸ್ತಿ ಬರುತ್ತೆ. ನಾನು ಹೀಗೆ ಬರೆದು ಕೊಟ್ಟಿದ್ದರೆ ಮೇಲ್ವಿಚಾರಕರು ಫಾರಂ ಮುಖಕ್ಕೆ ಎಸೆಯುತ್ತಿದ್ದರು. ತಿಳಿದವರು ಹೇಳಿ.

ಮೂಡಿಗೆರೆ ಹುಡುಗ:

ಮೇಷ್ಟ್ರೇ, ನನಗೆ ದಿನಾ ಇಂಥ ಅಂಕಿಅಂಶದ ಜೊತೇಲೇ ಕೆಲಸ, ಹೇಳ್ತೀನಿ.

ಮೊದಲನೇದು ಸುಲಭ. ಬ್ಯಾರಿ ಸಿಟಿ, ಬ್ಯಾರಿ ಟೌನ್ ಎರಡು ಪ್ರತ್ಯೇಕ ಸ್ಥಳೀಯ ಆಡಳಿತಗಳು. 1890ರ ದಶಕದಲ್ಲಿ ಪೇಟೆ ಭಾಗ ಬೇರ್ಪಟ್ಟು ಸಿಟಿ ಆಯ್ತು, ಸುತ್ತಲಿನ ಹಳ್ಳಿ ಮತ್ತು ಕಲ್ಲುಕೋರೆಗಳು ಟೌನ್‌ನಲ್ಲೇ ಉಳಿದವು. 2020ರಲ್ಲಿ ಸಿಟಿ 8,491, ಟೌನ್ 7,923. ಒಂದರೊಳಗೆ ಒಂದಿಲ್ಲ, ಹಾಗಾಗಿ ಕೂಡಿಸಬಹುದು. ಆದರೆ ಇದೇ ಲೆಕ್ಕ ನ್ಯೂಯಾರ್ಕ್ ರಾಜ್ಯದಲ್ಲಿ ಹಾಕಿದರೆ ಕೆಡುತ್ತೆ. ಅಲ್ಲಿ ವಿಲೇಜ್ ಅನ್ನೋದು ಟೌನ್‌ನ ಒಳಗೇ ಇರುತ್ತೆ, ಎರಡನ್ನೂ ಕೂಡಿಸಿದರೆ ಅದೇ ಜನ ಎರಡು ಸಲ ಲೆಕ್ಕಕ್ಕೆ ಬರ್ತಾರೆ.

± ವಿಷಯ: ನಿಮ್ಮ ಕೈಲಿರೋದು ತಲೆ ಎಣಿಕೆ ಅಲ್ಲ, ಅಂದಾಜು. ಪೂರ್ವಜರ ಮೂಲ ಯಾವುದು ಅನ್ನೋ ಪ್ರಶ್ನೆ 1980ರ ಗಣತಿಯಲ್ಲಿ ಶುರುವಾಯ್ತು. 2000ದವರೆಗೂ ಅದು ಉದ್ದ ಫಾರಂನಲ್ಲಿ ಇತ್ತು, ಆ ಫಾರಂ ಎಲ್ಲ ಮನೆಗೂ ಹೋಗ್ತಿರಲಿಲ್ಲ. 2005ರಿಂದ ಅಮೆರಿಕನ್ ಕಮ್ಯುನಿಟಿ ಸರ್ವೆ ಅಂತ ಪ್ರತಿ ವರ್ಷ ನಡೆಯುತ್ತೆ, ಈಗ ದೇಶಕ್ಕೆಲ್ಲ ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳು. ಕ್ಯಾಲೆ, ವುಸ್ಟರ್, ಫೇಸ್ಟನ್ ಥರದ ಸಣ್ಣ ಊರಿಗೆ ಒಂದು ವರ್ಷದ ಉತ್ತರ ಎಲ್ಲಿ ಸಾಕಾಗುತ್ತೆ? ಅದಕ್ಕೇ ಐದು ವರ್ಷದ್ದು ಒಟ್ಟುಗೂಡಿಸಿ ಕೊಡ್ತಾರೆ. ಆಮೇಲೂ ಅನುಮಾನ ಉಳಿಯುತ್ತೆ, ಆ ಅನುಮಾನದ ಅಳತೆಯೇ ±.

ಉದಾಹರಣೆಗೆ ಒಂದೂರಲ್ಲಿ 60 ± 45, ಇನ್ನೊಂದರಲ್ಲಿ 90 ± 50 ಅಂತಿದೆ ಅನ್ನಿ. ಮೊದಲನೇದು 15ರಿಂದ 105ರೊಳಗೆ ಎಲ್ಲಿ ಬೇಕಾದರೂ ಇರಬಹುದು, ಎರಡನೇದು 40ರಿಂದ 140. ಅದೂ ಹತ್ತರಲ್ಲಿ ಒಂಬತ್ತು ಪಾಲು ಭರವಸೆ ಅಷ್ಟೇ. ಎರಡನೇ ಊರಲ್ಲಿ ಇಟಲಿಯವರು ಜಾಸ್ತಿ ಅಂತ ಬರೆದರೆ ಅದಕ್ಕೆ ಆಧಾರ ಇಲ್ಲ. ಜಾಲತಾಣಗಳಲ್ಲಿ "ಹೆಚ್ಚು ಇಟಾಲಿಯನ್ನರಿರುವ ಊರುಗಳು, ಒಂದರಿಂದ ಹತ್ತು" ಅಂತ ಬರೋ ಪಟ್ಟಿಗಳು ಬಹುಪಾಲು ಈ ± ಕಿತ್ತುಹಾಕಿ ಮಾಡಿದ್ದು. ನಂಬಬೇಡಿ.

ಮೂರನೇದು: ಒಬ್ಬರು ಎರಡು ಮೂಲ ಬರೆಯಬಹುದು. ಅಜ್ಜ ಇಟಲಿ, ಅಜ್ಜಿ ಐರ್ಲೆಂಡ್ ಅಂದರೆ ಎರಡು ಕಾಲಂನಲ್ಲೂ ಅವರೇ. ಮೊಮ್ಮಗನಿಗೆ ಹೇಳಿ, ಕಾಲಂಗಳನ್ನು ಒಟ್ಟು ಹಾಕೋಕೆ ಹೋಗಬೇಡ ಅಂತ.

ಬೇಲೂರು ಮೇಷ್ಟ್ರು:

ಬಹಳ ಸಂತೋಷ ಕಣಪ್ಪ. ಎರಡು ಮೂಲದ ಮಾತು ಹೇಳಿದೆಯಲ್ಲ, ನನಗೆ ಒಂದು ಎಸ್ಟೇಟಿನ ಲೈನ್ ಮನೆ ಜ್ಞಾಪಕ ಬಂತು. ಸಕಲೇಶಪುರದ ದಾರಿಯಲ್ಲಿ. ಗಂಡನ ಮಾತು ತಮಿಳು, ಹೆಂಡತಿಯದು ತುಳು, ಮಕ್ಕಳು ನಮ್ಮ ಶಾಲೆಯವರೇ, ಪಟಪಟ ಅಂತ ಕನ್ನಡ. ಮಾತೃಭಾಷೆ ಕಾಲಂನಲ್ಲಿ ಒಬ್ಬೊಬ್ಬರಿಗೆ ಒಂದೇ ಬರೆಯಬೇಕು. ಮಕ್ಕಳಿಗೆ ಯಾವುದು ಅಂತ ಕೇಳಿದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಕೊನೆಗೆ ಒಲೆ ಮುಂದೆ ಕೂತಿದ್ದ ಅಜ್ಜಿ "ತಮಿಳು ಅಂತ ಹಾಕ್ಕೊಳ್ಳಿ ಸಾರ್" ಅಂದರು, ಹಾಕಿಕೊಂಡೆ. ಆ ಅಜ್ಜಿ ಅವತ್ತು ಸೌದೆಗೆ ಹೋಗಿದ್ದರೆ ಆ ಮಕ್ಕಳು ಸರ್ಕಾರಿ ಲೆಕ್ಕದಲ್ಲಿ ಕನ್ನಡದವರೋ ತುಳುವರೋ ಆಗಿರುತ್ತಿದ್ದರು. ಅಲ್ಲೂ ಮನೆಯಲ್ಲಿ ಒಬ್ಬರು ಕೂತು ಎಲ್ಲರ ಪರವಾಗಿ ತುಂಬುತ್ತಾರೆ ತಾನೆ?

ಮೂಡಿಗೆರೆ ಹುಡುಗ:

ಹೌದು ಸಾರ್, ಸಾಮಾನ್ಯವಾಗಿ ಹಾಗೇ. "ಅಮೆರಿಕನ್" ಅಂತಷ್ಟೇ ಬರೆಯೋರೂ ಇದ್ದಾರೆ, ಖಾಲಿ ಬಿಡೋರೂ ಇದ್ದಾರೆ.

ಕಾಫಿ ಹೂ:

ನಾನು ಬಾಳೆಹೊನ್ನೂರು ಕಡೆಯವಳು. ಯಾಕೆ ಅಲ್ಲೇ ಇದ್ದಾರೆ ಅನ್ನೋದಕ್ಕೆ ನನ್ನದೊಂದು ಮಾತು. ನಮ್ಮ ತೋಟಗಳಿಗೆ ಆಳು ಬಂದಿದ್ದು ಮೇಸ್ತ್ರಿ ಮೂಲಕ. ಸಾಹುಕಾರ್ರಿಂದ ಮುಂಗಡ ತಗೊಂಡು ತನ್ನೂರಿಗೆ ಹೋಗಿ, ಹತ್ತಿಪ್ಪತ್ತು ಜನರನ್ನ ಕಟ್ಟಿಕೊಂಡು ಬರೋನು, ಅವರ ಕೂಲಿಯಲ್ಲಿ ಮುರಿದುಕೊಳ್ಳೋನು. ಅದಕ್ಕೇ ಒಂದೊಂದು ತೋಟದ ಲೈನಲ್ಲಿ ಒಂದೇ ಊರಿನವರು. ಇಟಲಿಯವರಲ್ಲೂ ಪದ್ರೋನೆ ಅಂತ ಇಂಥವರೇ ಇದ್ದರು ಅಂತ ಓದಿದ್ದೀನಿ. 1885ರಲ್ಲಿ ಕರಾರಿನ ಮೇಲೆ ಹೊರದೇಶದ ಆಳು ತರಿಸಬಾರದು ಅಂತ ಕಾನೂನು ಬಂದರೂ ನಿಲ್ಲಲಿಲ್ಲ. ಇಲ್ಲೂ ಅದೇ ಇರಬೇಕು.

ಹಾಸನದ ಗ್ರಾನೈಟ್:

ಅಕ್ಕ, ರೈಲು ಹಳಿ ಹಾಕೋ ಗ್ಯಾಂಗುಗಳ ವಿಷಯದಲ್ಲಿ ನೀವು ಹೇಳಿದ್ದು ಸರಿ. ಬ್ಯಾರಿಗೆ ಮಾತ್ರ ಒಪ್ಪಲ್ಲ, ಅದು ಗ್ರಾನೈಟ್ ಊರು. ನನ್ನದು ಪಾಲಿಶಿಂಗ್ ಯೂನಿಟ್, ವ್ಯಾಪಾರದ ಮೇಲೆ ಹೋದಾಗ ಆ ಊರು ನೋಡಿದ್ದೀನಿ. ಅಲ್ಲಿಗೆ ಬಂದವರು ಕೂಲಿಗಳಲ್ಲ, ಉಳಿ ಹಿಡಿದ ಕುಶಲಿಗಳು. ಕರಾರಾ ಅಮೃತಶಿಲೆಯ ಕಡೆಯವರು, ಉತ್ತರ ಇಟಲಿಯವರು. ಅವರಿಗಿಂತ ಮೊದಲು ಸ್ಕಾಟ್ಲೆಂಡಿನ ಆಬರ್ಡೀನ್‌ನಿಂದ ಕಲ್ಲು ಕೆಲಸದವರು ಬಂದಿದ್ದರು. 1880ರ ದಶಕದ ಕೊನೆಗೆ ಕ್ವಾರಿ ಗುಡ್ಡಕ್ಕೇ ರೈಲು ಹತ್ತಿತು, ಭಾರೀ ಕಲ್ಲು ಸಲೀಸಾಗಿ ಕೆಳಗಿಳಿಯಿತು. 1880ರಲ್ಲಿ ಎರಡು ಸಾವಿರ ಚಿಲ್ಲರೆ ಇದ್ದ ಜನ ಹತ್ತೇ ವರ್ಷಕ್ಕೆ ಮೂರು ಪಟ್ಟು ದಾಟಿದರು. ಒಬ್ಬ ಬಂದು ಅಣ್ಣನಿಗೆ ಕಾಗದ ಬರೆದ, ಅಣ್ಣ ಭಾವನನ್ನ ಕರೆಸಿದ. ಕೈಯಲ್ಲಿ ವಿದ್ಯೆ ಇದ್ದೋನಿಗೆ ಮೇಸ್ತ್ರಿ ಯಾಕೆ ಬೇಕು?

1900ರಲ್ಲಿ ಇಟಲಿಯವರೇ ಸೇರಿ ಕಟ್ಟಿದ ಸೋಷಿಯಲಿಸ್ಟ್ ಲೇಬರ್ ಪಾರ್ಟಿ ಹಾಲ್ ಇನ್ನೂ ನಿಂತಿದೆ. ಅದರಲ್ಲೇ 1903ರಲ್ಲಿ ಸಮಾಜವಾದಿಗಳಿಗೂ ಅರಾಜಕತಾವಾದಿಗಳಿಗೂ ಗಲಾಟೆಯಾಗಿ ಎಲಿಯಾ ಕೊರ್ತಿ ಅನ್ನೋ ಶಿಲ್ಪಿ ಗುಂಡೇಟಿಗೆ ಸತ್ತ. ಹೋಪ್ ಸ್ಮಶಾನದಲ್ಲಿ ಅವನ ಪ್ರತಿಮೆ ಇದೆ. ಆಳೆತ್ತರದ್ದು, ಕೂತ ಭಂಗಿ, ಕೋಟಿನ ಮಡಿಕೆ, ಬಟನ್ನು, ಕಾಲ ಹತ್ತಿರ ಅವನ ಹತಾರಗಳು, ಎಲ್ಲ ಗ್ರಾನೈಟ್‌ನಲ್ಲೇ. ನಮ್ಮ ಹಳೇಬೀಡಿನ ಬಳಪದ ಕಲ್ಲಲ್ಲಿ ನವಿರು ಕೆಲಸ ಮಾಡೋದು ಬೇರೆ, ಗ್ರಾನೈಟ್‌ನಲ್ಲಿ ಬಟ್ಟೆ ಸುಕ್ಕು ತೆಗೆಯೋದು ಬೇರೆ. ನಾನು ಕಸುಬಿನವನು, ಕೈ ಮುಗಿದೆ.

ಇನ್ನೊಂದು ವಿಷಯ ನಿಮ್ಮ ಪಟ್ಟಿಯಲ್ಲಿ ಕಾಣಲ್ಲ. ಅಮೃತಶಿಲೆ ಅಂದರೆ ಸುಣ್ಣದ ಜಾತಿ, ಅದರ ಧೂಳು ಅಷ್ಟು ಕೊಲ್ಲಲ್ಲ. ಗ್ರಾನೈಟ್ ಧೂಳಲ್ಲಿ ಸಿಲಿಕಾ. ಗಾಳಿ ಒತ್ತಡದ ಉಳಿ ಬಂತು, ಚಳಿಗೆ ಶೆಡ್ಡಿನ ಬಾಗಿಲು ಮುಚ್ಚಿದ್ರು, ಶ್ವಾಸಕೋಶ ಕಲ್ಲಾಯ್ತು. ಧೂಳು ಹೀರೋ ಯಂತ್ರ ಎಲ್ಲ ಕಡೆ ಬರೋ ಹೊತ್ತಿಗೆ 1930ರ ದಶಕ ಮುಗೀತಾ ಬಂದಿತ್ತು. ಎಷ್ಟೋ ಗಂಡಸರು ನಡುವಯಸ್ಸಿಗೇ ಹೋದರು, ವಿಧವೆಯರು ಮನೆಯಲ್ಲಿ ಊಟ ವಸತಿ ಕೊಟ್ಟು ಮಕ್ಕಳನ್ನ ಸಾಕಿದರು. ನೀನು ಶೆಡ್ಡಿಗೆ ಹೋಗಬೇಡ ಅಂತ ಮಗನಿಗೆ ಹೇಳಿದ ಅಪ್ಪಂದಿರು ಕಮ್ಮಿ ಇಲ್ಲ. 1922ರ ಮುಷ್ಕರ ಮುರಿಯೋಕೆ ಕೆನಡಾದಿಂದ ಫ್ರೆಂಚ್ ಮಾತಾಡೋರನ್ನ ಕರೆತಂದರು. 1924ರ ಕಾನೂನು ಇಟಲಿಯಿಂದ ಹೊಸಬರು ಬರೋದನ್ನ ಹೆಚ್ಚುಕಮ್ಮಿ ನಿಲ್ಲಿಸಿತು. ಮೇಷ್ಟ್ರ ಪಟ್ಟಿಯಲ್ಲಿ ಇವತ್ತು ಇರೋದು ಇಷ್ಟೆಲ್ಲ ಆದಮೇಲೆ ಉಳಿದವರ ಮೊಮ್ಮಕ್ಕಳು, ಮರಿಮಕ್ಕಳು.

ಕೌಂಟಿ ಗೆರೆಗೇ ನಿಲ್ಲಬೇಡಿ ಸಾರ್. ವುಡ್‌ಬರಿ ಕ್ವಾರಿ ನಿಮ್ಮ ಕೌಂಟಿಯಲ್ಲಿ, ಅದರ ಕಲ್ಲು ಕೆತ್ತಿದ ಹಾರ್ಡ್‌ವಿಕ್ ಪಕ್ಕದ ಕ್ಯಾಲೆಡೋನಿಯಾದಲ್ಲಿ.

ಕಾಫಿ ಹೂ:

ಸರಿ, ಬ್ಯಾರಿ ಮಟ್ಟಿಗೆ ಒಪ್ಪಿದೆ. ಆದರೆ ಗುಡ್ಡದ ಆ ರೈಲು ದಾರಿ ಹಾಕಿದವರು ಯಾರು ಅಂತಲೂ ಹುಡುಗ ನೋಡಲಿ.

ಬೇಲೂರು ಮೇಷ್ಟ್ರು:

ನೋಡಲಿ, ಅವನ ಕೆಲಸ ಅದು. ಆದರೆ ಅಂದಾಜು ಬಿಟ್ಟು ಮನೆ ಮನೆಯ ನಿಜವಾದ ಲೆಕ್ಕ ಎಲ್ಲೂ ಸಿಗಲ್ಲವೇ?

ಮೂಡಿಗೆರೆ ಹುಡುಗ:

ಇವತ್ತಿನದು ಸಿಗಲ್ಲ, ಹಳೇದು ಸಿಗುತ್ತೆ. ಅಲ್ಲಿ ಹೆಸರಿರೋ ಗಣತಿ ಹಾಳೆಗಳನ್ನ 72 ವರ್ಷದ ನಂತರ ಎಲ್ಲರಿಗೂ ತೆರೀತಾರೆ. 1950ರದ್ದು 2022ರ ಏಪ್ರಿಲ್‌ನಲ್ಲಿ ಬಂತು. 1890ರದ್ದು ಬೆಂಕಿ ಅನಾಹುತದಲ್ಲಿ ಹಾಳಾಗಿ ಬಹುಪಾಲು ಉಳಿದಿಲ್ಲ, ಅದನ್ನ ಹುಡುಕೋದು ಬೇಡ. ನಿಮ್ಮ ಮೊಮ್ಮಗ 1910ರ ಬ್ಯಾರಿ ಸಿಟಿ ಹಾಳೆ ತೆಗೀಲಿ. ಮನೆ ಮನೆಯ ಹೆಸರು, ವಯಸ್ಸು, ಹುಟ್ಟಿದ ದೇಶ, ಅಪ್ಪ ಅಮ್ಮ ಹುಟ್ಟಿದ ದೇಶ, ಉದ್ಯೋಗ ಎಲ್ಲ ಕೈಬರಹದಲ್ಲಿದೆ. ಒಂದು ಬೀದಿ ಆರಿಸಿಕೊಂಡು ಅವನೇ ಎಣಿಸಲಿ, ಅದಕ್ಕೆ ± ಬೇಕಿಲ್ಲ. ಅಕ್ಷರ ಓದೋಕೆ ಕಷ್ಟ ಆದರೆ ನಿಮಗೆ ಕಳಿಸಲಿ ಸಾರ್, ಗಣತಿ ಮೇಷ್ಟ್ರ ಬರವಣಿಗೆ ಇನ್ನೊಬ್ಬ ಗಣತಿ ಮೇಷ್ಟ್ರಿಗೆ ಅರ್ಥ ಆಗದೇ ಇರುತ್ತಾ?