ಅಪ್‌ಡೇಟ್: ವೇತಾಳ ಟೇಕಡಿಯಲ್ಲಿ ಎರಡು ತಿಂಗಳು

ಪುಣೆಯ ಕೋಥ್ರೂಡಿನ ರಸ್ತೆಯಲ್ಲಿ 5 ಕಿ.ಮೀ. ಓಡ್ತೀನಿ, ವೇತಾಳ ಟೇಕಡಿ ಗುಡ್ಡದ ಕಾಲುದಾರಿಯಲ್ಲಿ ಓಡೋಕೆ ಹೇಗೆ ಶುರು ಮಾಡಲಿ, ಬೇರೆ ಶೂ ಬೇಕಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಧನ್ಯವಾದ.

"ಏರಿನಲ್ಲಿ ನಡೀರಿ, ನಾಚಿಕೆ ಬೇಡ" ಅಂದಿದ್ರಲ್ಲ, ಅದೇ ನನ್ನ ಕೈ ಹಿಡೀತು. ಮೊದಲ ವಾರ ರಸ್ತೆಯ ವೇಗದಲ್ಲೇ ಏರಲು ಹೋಗಿ, ಹತ್ತೇ ನಿಮಿಷಕ್ಕೆ ಏದುಸಿರು ಬಂದು ಬಂಡೆ ಮೇಲೆ ಕೂತುಬಿಟ್ಟಿದ್ದೆ. ಈಗ ಕಿಲೋಮೀಟರ್ ಲೆಕ್ಕವೇ ಇಲ್ಲ. 40 ನಿಮಿಷ, ವಾರಕ್ಕೆ ಎರಡು ಸಲ, ಅಷ್ಟೇ.

ನಿಜವಾದ ಕಷ್ಟ ಇಳಿಜಾರಿನದು. ಒಣಗಿದ ಗರಸಿನ ಮೇಲೆ ಸಣ್ಣ ಕಲ್ಲುಗಳು, ನೆಲಕ್ಕೆ ಕಡಲೆ ಚೆಲ್ಲಿದ ಹಾಗೆ. ಹಳೇ ಕಲ್ಲುಗಣಿ ಹತ್ತಿರ ಹೆದರಿ ಹಿಂದಕ್ಕೆ ವಾಲಿ ಹಿಮ್ಮಡಿ ಊರಿದೆ. ಕಾಲು ಜಾರಿ ಅಂಗೈ ತರಚಿತು. ಈಗ ಗಿಡ್ಡ ಗಿಡ್ಡ ಹೆಜ್ಜೆ, ಮಂಡಿ ಸಡಿಲ, ಕಣ್ಣು ಮೂರು ನಾಲ್ಕು ಹೆಜ್ಜೆ ಮುಂದೆ. ಮಂಡಿ ನೋವು ಬರಲಿಲ್ಲ, ತೊಡೆ ಮಾತ್ರ ಎರಡು ದಿನ ಹಿಡಿದುಕೊಳ್ಳುತ್ತಿತ್ತು.

ಕಾಲುದಾರಿಗೆಂದೇ ಇರೋ ಟ್ರೇಲ್ ಶೂ ಮೂರನೇ ವಾರ ತಗೊಂಡೆ, ಅರ್ಧ ಸೈಜ್ ದೊಡ್ಡದು. ಇಳಿಯುವಾಗ ಬೆರಳು ಮುಂದೆ ತಾಗಲ್ಲ. ಸಲಹೆ ಕೊಟ್ಟ ಅಕ್ಕನಿಗೆ ವಿಶೇಷ ನಮಸ್ಕಾರ!

ಮೊನ್ನೆ ಬೆಳಗ್ಗೆ ಗ್ಲಿರಿಸಿಡಿಯಾ ಮರಗಳ ನಡುವೆ ನವಿಲೊಂದು ದಾರಿ ದಾಟಿತು. ಅದು ಮರೆಯಾಗೋವರೆಗೂ ನಿಂತಿದ್ದೆ.

ಮುಂದಿನ ಆಸೆ ಪುಣೆ ಹತ್ತಿರದ ಸಿಂಹಗಡ ಕೋಟೆ. ಸಮುದ್ರ ಮಟ್ಟದಿಂದ ಸುಮಾರು 1,300 ಮೀಟರ್ ಎತ್ತರ, ಮಳೆಯಲ್ಲಿ ಕಲ್ಲು ಪಾಚಿಗಟ್ಟುತ್ತೆ, ಹಾಗಾಗಿ ದೀಪಾವಳಿ ಕಳೆದ ಮೇಲೆ. ಪುಣೆಯವರು ಯಾರಾದರೂ ಜೊತೆಗೆ ಬರ್ತೀರಾ?