ಶಾಲೆ, ಸಮುದಾಯ ಭವನ ಮತ್ತು ನಡುವಿನ ಚೌಕ: ಅನುಭವವಿದ್ದವರು ತಿಳಿಸಿ

ಪ್ರಶ್ನೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯ ಸದಸ್ಯರೊಬ್ಬರಿಂದ)

ಚಿತ್ರದುರ್ಗ ಜಿಲ್ಲೆಯ ನಮ್ಮ ಊರಿನಲ್ಲಿ ಹಿರಿಯ ಪ್ರಾಥಮಿಕ ಶಾಲೆಗೆ ಹೊಂದಿಕೊಂಡಿರುವ ಎರಡು ಎಕರೆ ಜಮೀನನ್ನು ದಾನಿಗಳೊಬ್ಬರು ಕೊಡಲು ಮುಂದೆ ಬಂದಿದ್ದಾರೆ. ಅಲ್ಲಿ ಹೊಸ ತರಗತಿ ಕೋಣೆಗಳು, ಅಂಗನವಾಡಿ, ಗ್ರಂಥಾಲಯ ಮತ್ತು ಸಮುದಾಯ ಭವನವನ್ನು ಒಂದು ಚೌಕದ ಸುತ್ತ ಕಟ್ಟಬೇಕೆಂಬುದು ನಮ್ಮ ಆಸೆ. ಶಾಲೆಯಲ್ಲಿ ಸುಮಾರು 200 ಮಕ್ಕಳಿದ್ದಾರೆ. ಚೌಕ ಎಷ್ಟು ದೊಡ್ಡದಿರಬೇಕು, ಭವನ ಯಾವ ಬದಿಗಿರಬೇಕು, ಮದುವೆ ಸಭೆಗಳಿಂದ ಪಾಠಕ್ಕೆ ಅಡ್ಡಿಯಾಗದಂತೆ ಏನು ಮಾಡಬೇಕು ಎಂಬುದನ್ನು ಇಂಥ ಕೆಲಸ ಮಾಡಿಸಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ (ಹಳ್ಳಿ ಶಾಲೆಗಳ ಕಟ್ಟಡ ವಿನ್ಯಾಸ ಮಾಡುವವರಿಂದ)

ನಮಸ್ಕಾರ ಸರ್. ನಿಮ್ಮ ಪಟ್ಟಿಯಲ್ಲಿ ಬೇಕಾದ ಕಟ್ಟಡಗಳೆಲ್ಲ ಇವೆ, ಜಗಲಿಯೊಂದು ಇಲ್ಲ. ಚೌಕ ದಿನವೂ ಬಳಕೆಯಾಗುವುದೋ ಬಿಸಿಲು ಕಾಯುತ್ತ ಬಿದ್ದಿರುವುದೋ ಎಂಬುದು ಅದರ ಅಂಚಿನ ಜಗಲಿಯಿಂದಲೇ ತೀರ್ಮಾನವಾಗುತ್ತದೆ. ನಮ್ಮ ತೊಟ್ಟಿ ಮನೆಗಳಲ್ಲಿ ಜನ ಕೂರುತ್ತಿದ್ದುದು, ಕಾಳು ಹಸನು ಮಾಡುತ್ತಿದ್ದುದು, ಬೇಸಿಗೆಯಲ್ಲಿ ಮಲಗುತ್ತಿದ್ದುದು ಎಲ್ಲವೂ ತೊಟ್ಟಿಯ ಸುತ್ತಲಿನ ಪಡಸಾಲೆಯಲ್ಲಿ. ಆದ್ದರಿಂದ ನಾಲ್ಕು ಬದಿಗೂ ಕನಿಷ್ಠ ಎಂಟು ಅಡಿ ಅಗಲದ, ಒಂದಕ್ಕೊಂದು ಕೂಡಿಕೊಂಡ ಜಗಲಿಯನ್ನು ನಕ್ಷೆಯಲ್ಲಿ ಮೊದಲೇ ಬರೆಸಿ. ನಾಲ್ಕೈದು ಅಡಿಯ ಜಗಲಿ ಓಡಾಡುವ ದಾರಿಯಷ್ಟೇ ಆಗುತ್ತದೆ. ಎಂಟು ಅಡಿಯಿದ್ದರೆ ಒಂದು ಗುಂಪು ಮಕ್ಕಳು ಕುಳಿತು ಓದುತ್ತಿರುವಾಗಲೂ ಬೇರೆಯವರು ಹಾದುಹೋಗಬಹುದು. ಹಣ ಸಾಲದೆ ಬಂದಾಗ ಮೊದಲು ಕಡಿಮೆ ಮಾಡುವುದು ಜಗಲಿಯನ್ನೇ ಎಂಬುದನ್ನು ಬಹಳ ಕಡೆ ಕಂಡಿದ್ದೇನೆ. ಅಂಥ ಸಂದರ್ಭ ಬಂದರೆ ಒಂದು ಕೋಣೆಯನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಿ, ಜಗಲಿಯನ್ನು ಬಿಡಬೇಡಿ.

ಅಳತೆಯ ವಿಚಾರಕ್ಕೆ ಬರುವುದಾದರೆ, 200 ಮಕ್ಕಳು ಪ್ರಾರ್ಥನೆಗೆ ಸಾಲಾಗಿ ನಿಲ್ಲಲು ಒಬ್ಬೊಬ್ಬರಿಗೆ ಮೂರಡಿಗೆ ಮೂರಡಿ ಎಂದು ಹಿಡಿದರೂ 1,800 ಚದರಡಿ ಸಾಕು. 60 ಅಡಿ ಅಗಲ, 80 ಅಡಿ ಉದ್ದದ ಚೌಕದಲ್ಲಿ 4,800 ಚದರಡಿ ಸಿಗುತ್ತದೆ. ಗ್ರಾಮಸಭೆಗೂ ರಾತ್ರಿಯ ನಾಟಕಕ್ಕೂ ಅದು ಧಾರಾಳವಾಗಿದೆ. ಇದಕ್ಕಿಂತ ಹಿಗ್ಗಿಸಿದರೆ ಎದುರು ಜಗಲಿಯಲ್ಲಿ ಕುಳಿತವರ ಮುಖದ ಗುರುತೇ ಸಿಗದೆ, ಎರಡು ಬದಿಗಳು ಎರಡು ಬೇರೆ ಕೇರಿಗಳಂತೆ ಆಗಿಬಿಡುತ್ತವೆ. ಖೋ-ಖೋ, ಕಬಡ್ಡಿಗಳ ಮೈದಾನ ಪ್ರತ್ಯೇಕವಾಗಿ ಹೊರಗಿರಲಿ. ಕಾಗದದ ಮೇಲೆ ಚೌಕ ಯಾವಾಗಲೂ ಚಿಕ್ಕದಾಗಿ ಕಾಣುವುದರಿಂದ, ಒಪ್ಪಿಗೆ ಕೊಡುವ ಮೊದಲು ನೆಲದ ಮೇಲೆ ಸುಣ್ಣದ ಪುಡಿಯಿಂದ ಗೆರೆ ಹಾಕಿಸಿ, ಮಧ್ಯಾಹ್ನದ ಹೊತ್ತಿನಲ್ಲಿ ಊರಿನವರೊಡನೆ ಅಲ್ಲಿ ನಿಂತು ನೋಡಿ.

ಉದ್ದನೆಯ ಬದಿ ಪೂರ್ವ-ಪಶ್ಚಿಮವಾಗಿದ್ದರೆ ತರಗತಿಗಳ ಸಾಲು ಉತ್ತರಕ್ಕೂ ದಕ್ಷಿಣಕ್ಕೂ ಬಂದು, ಕಿಟಕಿಗಳಿಗೆ ಇಳಿಹೊತ್ತಿನ ಬಿಸಿಲು ನೇರವಾಗಿ ಬಡಿಯುವುದು ತಪ್ಪುತ್ತದೆ. ಊರ ರಸ್ತೆ ಯಾವ ಕಡೆಗಿದೆ ಎಂದು ನೀವು ತಿಳಿಸಿಲ್ಲ. ಅದು ಪಶ್ಚಿಮಕ್ಕೋ ಪೂರ್ವಕ್ಕೋ ಇದ್ದರೆ ಭವನವನ್ನು ಆ ಕಿರಿದಾದ ಬದಿಗೆ ಇಟ್ಟು, ಅದರ ಮುಖ್ಯ ಬಾಗಿಲನ್ನು ರಸ್ತೆಗೆ ತೆರೆಯಿರಿ. ಚೌಕದ ಕಡೆಗೂ ಅಗಲವಾದ ಬಾಗಿಲುಗಳಿರಲಿ, ಆದರೆ ಅವುಗಳ ಕೀಲಿ ಮುಖ್ಯೋಪಾಧ್ಯಾಯರ ಬಳಿಯೇ ಇರಬೇಕು. ಮದುವೆಗೆ ಬಂದವರು ಶಾಲೆಯೊಳಗೆ ಹಾಯದೆಯೇ ಬಂದು ಹೋಗುವಂತಿದ್ದರೆ ನಿಮ್ಮ ಅರ್ಧ ಚಿಂತೆ ತೀರುತ್ತದೆ. ನೆಲದ ಮೇಲೆ ಕೂರುವ 300 ಜನಕ್ಕೆ ತಲಾ ಏಳು ಚದರಡಿಯಂತೆ 2,100 ಚದರಡಿ ಬೇಕು. 35 ಅಡಿಗೆ 60 ಅಡಿಯ ಭವನ ಆ ಬದಿಗೆ ಸರಿಯಾಗಿ ಕೂರುತ್ತದೆ. ಗ್ರಂಥಾಲಯವೂ ಅಂಗನವಾಡಿಯೂ ಅದರ ಎದುರಿನ ತುದಿಗೆ, ಸದ್ದಿನಿಂದ ದೂರಕ್ಕೆ ಇರಲಿ.

ಬಿಸಿಯೂಟದ ಅಡುಗೆಮನೆ ಮತ್ತು ಭವನದ ಅಡುಗೆ ಜಾಗ ಎರಡನ್ನೂ ಚೌಕದ ಅಂಚಿಗೆ ತರದೆ ಹೊರಮೈಗೆ, ತರಗತಿಗಳಿಂದ ಬಿಡಿಸಿ ಕಟ್ಟಿಸಿ. ಮಳೆಗಾಲದಲ್ಲಿ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುವುದರಿಂದ ಪೂರ್ವದ ಕಡೆ ಒಲೆಯಿದ್ದರೆ ಹೊಗೆ ಕೋಣೆಗಳಿಗೆ ನುಗ್ಗುವುದಿಲ್ಲ. ಹಿರಿಯರು ಆಗ್ನೇಯ ಮೂಲೆಯನ್ನೇ ಕೇಳಿದರೆ ಅದಕ್ಕೂ ಇದು ಹೊಂದಿಕೊಳ್ಳುತ್ತದೆ. 2004ರಲ್ಲಿ ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಅಡುಗೆಮನೆಯಿಂದ ಹಬ್ಬಿದ ಬೆಂಕಿಯಲ್ಲಿ 94 ಮಕ್ಕಳು ತೀರಿಕೊಂಡರು. ಅದನ್ನು ನೆನೆದರೆ ಈ ಒಂದು ವಿಷಯದಲ್ಲಿ ಯಾವ ರಾಜಿಗೂ ಮನಸ್ಸು ಒಪ್ಪುವುದಿಲ್ಲ. ಚೌಕದಿಂದ ಹೊರಹೋಗಲು ಕನಿಷ್ಠ ಎರಡು ದಾರಿಗಳು ಶಾಲೆಯ ವೇಳೆಯಲ್ಲಿ ಬೀಗವಿಲ್ಲದೆ ಇರಬೇಕು.

ಚಾವಣಿಗೆ ಬರಿಯ ತಗಡು ಹೊದಿಸಿದರೆ ಬೇಸಿಗೆಯಲ್ಲಿ ಕೋಣೆಯೊಳಗೆ ಕೂರಲಾಗದು, ಮಳೆ ಬಂದರೆ ಪಾಠ ಕೇಳಿಸದು. ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಗಾಂಡೊ ಎಂಬ ಹಳ್ಳಿಯಲ್ಲಿ ವಾಸ್ತುಶಿಲ್ಪಿ ಫ್ರಾನ್ಸಿಸ್ ಕೆರೆ ಅವರು 2001ರಲ್ಲಿ ತಮ್ಮ ಊರಿನವರ ಕೈಯಿಂದಲೇ ಕಟ್ಟಿಸಿದ ಪ್ರಾಥಮಿಕ ಶಾಲೆಯಲ್ಲಿ, ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆಯ ಗೋಡೆಗಳ ಮೇಲೆ ಇಟ್ಟಿಗೆಯದೇ ಒಳಮಾಳಿಗೆ ಮಾಡಿ, ಅದರ ಮೇಲೆ ಅಂತರ ಬಿಟ್ಟು ತಗಡನ್ನು ಎತ್ತರಿಸಿ ನಿಲ್ಲಿಸಿದ್ದಾರೆ. ನಡುವೆ ಗಾಳಿ ಹರಿದು ಬಿಸಿಯನ್ನು ಒಯ್ಯುತ್ತದೆ. ಅವರಿಗೆ 2022ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್ಕರ್ ಪ್ರಶಸ್ತಿ ಬಂತು. ಮಣ್ಣಿನ ಇಟ್ಟಿಗೆಗೆ ಅಷ್ಟು ದೂರ ನೋಡಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ, ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತುವ ಇಟ್ಟಿಗೆಯನ್ನು ನಮ್ಮ ಮಣ್ಣಿಗೇ ಹೊಂದಿಸಿ ಬಹಳ ಹಿಂದೆಯೇ ರೂಢಿಗೆ ತಂದಿದೆ. ಕಪ್ಪು ಎರೆಮಣ್ಣು ಮಾತ್ರ ಇದಕ್ಕೆ ಒಗ್ಗುವುದಿಲ್ಲ, ಕೆಂಪು ಮಣ್ಣು ಹುಡುಕಿ.

ಚಾವಣಿಯ ನೀರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ವರ್ಷಕ್ಕೆ 500 ಮಿ.ಮೀ. ಮಳೆ ಬಿದ್ದರೂ 100 ಚದರ ಮೀಟರ್ ಚಾವಣಿಯಿಂದ 50,000 ಲೀಟರ್ ಇಳಿಯುತ್ತದೆ. ಅದರಲ್ಲಿ ಐದನೇ ಒಂದು ಪಾಲು ಪೋಲಾದರೂ 40,000 ಲೀಟರ್ ತೊಟ್ಟಿಗೆ ಸೇರುತ್ತದೆ. ಚೌಕದಲ್ಲಿ ಒಂದೆರಡು ಹೊಂಗೆ ಅಥವಾ ಬೇವಿನ ಗಿಡ ಸಾಕು. ಅರಳಿಯನ್ನು ನೆಡುವುದಾದರೆ ಅದರ ಬೇರು ತಳಪಾಯಕ್ಕೆ ತಾಗದಷ್ಟು ದೂರದಲ್ಲಿ, ಹೊರಗೆ ಕಟ್ಟೆ ಕಟ್ಟಿಸಿ.

ಉತ್ತರ (ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರಿಂದ)

ಜಗಲಿಯ ಬಗ್ಗೆ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಚಿಕ್ಕ ಮಕ್ಕಳು ಗುಂಪು ಗುಂಪಾಗಿ ನೆಲದ ಮೇಲೆ ಕುಳಿತು ಕಲಿಯುತ್ತಾರೆ, ಒಂದು ಗುಂಪು ಹಾಡುತ್ತಿರುವಾಗ ಮತ್ತೊಂದು ಬರೆಯುತ್ತಿರುತ್ತದೆ. ಒಂದೇ ಕೋಣೆಯಲ್ಲಿ ಅದು ಕಷ್ಟ. ಬಾಗಿಲಾಚೆ ನೆರಳಿದ್ದರೆ ಹಾಡುವ ಗುಂಪು ಅಲ್ಲಿಗೆ ಹೋಗಬಹುದು. ಜಗಲಿಯ ಗೋಡೆಯಲ್ಲೂ ಮಕ್ಕಳ ಕೈಗೆಟಕುವ ಎತ್ತರದಲ್ಲಿ ಕಪ್ಪು ಹಲಗೆಯ ಪಟ್ಟಿ ಮಾಡಿಸಿ. ಗಾಲಿಕುರ್ಚಿಯ ಮಗುವಿಗೆ ಇಳಿಜಾರು ದಾರಿ, ಅಂದರೆ ಒಂದಡಿ ಏರಲು ಹನ್ನೆರಡಡಿ ಉದ್ದ, ಎಲ್ಲ ಕಟ್ಟಡಗಳಿಗೂ ಬೇಕು. ಜಗಲಿಗಳು ಒಂದೇ ಮಟ್ಟದಲ್ಲಿದ್ದರೆ ಇಂಥ ಒಂದೆರಡು ದಾರಿಗಳೇ ಸಾಕಾಗುತ್ತವೆ.

ಭವನದ ಶೌಚಾಲಯವನ್ನು ಶಾಲೆಯದರಿಂದ ಕಡ್ಡಾಯವಾಗಿ ಬೇರೆ ಮಾಡಿ. ಎರಡಕ್ಕೂ ಒಂದೇ ಎಂದು ಕಟ್ಟಿದ ಊರೊಂದರಲ್ಲಿ, ಸಮಾರಂಭದ ಮರುದಿನ ದೊಡ್ಡ ಹೆಣ್ಣುಮಕ್ಕಳು ಶಾಲೆಗೇ ಬರುತ್ತಿರಲಿಲ್ಲ. ಧ್ವನಿವರ್ಧಕದ ವಿಷಯದಲ್ಲಿ ಕಾನೂನಿನ ಬಲವೂ ನಿಮಗಿದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲಿ ಶಿಕ್ಷಣ ಸಂಸ್ಥೆಗಳ ಸುತ್ತ ಕನಿಷ್ಠ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅವಕಾಶವಿದೆ. ಶಾಲೆಯ ದಿನಗಳಲ್ಲಿ ಸಂಜೆ ಐದರ ಮೊದಲು ಮೈಕು ಇಲ್ಲವೆಂಬ ನಿಯಮವನ್ನು ಕಟ್ಟಡ ಏಳುವ ಮೊದಲೇ ಗ್ರಾಮಸಭೆಯಲ್ಲಿ ಬರೆಸಿಕೊಳ್ಳಿ. ಆಮೇಲೆ ಹೇಳಿದರೆ ಪ್ರತಿ ಮದುವೆಯ ಮನೆಯವರೂ ತಮಗೊಂದು ವಿನಾಯಿತಿ ಕೇಳುತ್ತಾರೆ.

ಉತ್ತರ (ಗ್ರಾಮ ಪಂಚಾಯಿತಿಯ ಮಾಜಿ ಸದಸ್ಯರಿಂದ)

ಎಲ್ಲಕ್ಕಿಂತ ಮೊದಲು ದಾನಪತ್ರ ನೋಂದಣಿಯಾಗಲಿ. ಶಾಲೆಯ ಭಾಗ ಶಾಲೆಯ ಹೆಸರಿಗೆ, ಭವನದ ಭಾಗ ಪಂಚಾಯಿತಿಯ ಹೆಸರಿಗೆ ಹೋಗುವುದಾದರೆ ನಡುವಿನ ಚೌಕ ಯಾರದು ಎಂಬ ಪ್ರಶ್ನೆ ಏಳುತ್ತದೆ. ನನ್ನ ಅಭಿಪ್ರಾಯದಲ್ಲಿ ಚೌಕ ಶಾಲೆಯದಾಗಿರಬೇಕು, ಊರಿಗೆ ಗೊತ್ತುಪಡಿಸಿದ ಹೊತ್ತಿನಲ್ಲಿ ಬಳಸುವ ಹಕ್ಕಿರಬೇಕು. ಹಾಗಿಲ್ಲದಿದ್ದರೆ ಕೆಲವೇ ವರ್ಷಗಳಲ್ಲಿ ಒಂದು ಮೂಲೆಗೆ ಮಳಿಗೆಗಳು ಎದ್ದು ನಿಲ್ಲುತ್ತವೆ.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳುತ್ತೇನೆ. ಭವನಕ್ಕೆ ಒಂದು ಜಾತಿಯ, ಒಂದು ದೇವಸ್ಥಾನದ ಹೆಸರಿಡಬೇಡಿ, ಯಾವುದೇ ಗುಡಿಗೆ ಒತ್ತಿ ಕಟ್ಟಬೇಡಿ. ಕೆಲವು ಕೇರಿಯವರು ಹೊಸಿಲು ದಾಟಲು ಹಿಂಜರಿಯುವ ಸಮುದಾಯ ಭವನಗಳನ್ನು ನಾನು ಕಂಡಿದ್ದೇನೆ. ಮಕ್ಕಳೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಅಂಗಳಕ್ಕೆ ಸೇರಿದಂತೆ ಭವನವಿದ್ದರೆ, ಆ ಹಿಂಜರಿಕೆ ಕಡಿಮೆಯಾಗಲು ನಿಜವಾದ ಅವಕಾಶವಿದೆ. ಬಾಡಿಗೆ ಎಲ್ಲರಿಗೂ ಒಂದೇ ದರವಿರಲಿ. ಆ ಹಣ ಪ್ರತ್ಯೇಕ ಬ್ಯಾಂಕ್ ಖಾತೆಗೆ ಸೇರಿ, ಅದರಿಂದಲೇ ಚೌಕವನ್ನು ಗುಡಿಸುವವರ ಸಂಬಳವೂ ವರ್ಷಕ್ಕೊಮ್ಮೆ ಸುಣ್ಣಬಣ್ಣವೂ ನಡೆಯುವಂತೆ ಠರಾವಿನಲ್ಲೇ ಸೇರಿಸಿಬಿಡಿ.