ಪದಚರ್ಚೆ: ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ 'ಆವೃತ್ತಿ', 'ದೋಷ', 'ಗಣನೀಯ'

ಎಲ್ಲರಿಗೂ ನಮಸ್ಕಾರ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಪದವಿ ವಿದ್ಯಾರ್ಥಿಗಳಿಗೆ ಜಮೋವಿ, ಆರ್, ಪಿಎಸ್‌ಪಿಪಿ ಹೇಳಿಕೊಡುತ್ತಿದ್ದೇನೆ. ಮೂರೂ ಸಂಖ್ಯಾಶಾಸ್ತ್ರದ ಲೆಕ್ಕ ಮಾಡುವ ಉಚಿತ ತಂತ್ರಾಂಶಗಳು. ಇವುಗಳಲ್ಲಿ ಏನೇನು ಬದಲಾದರೆ ಚೆನ್ನ ಅಂತ ಅವರಿಂದ ಕನ್ನಡದಲ್ಲೇ ಬರೆಸಿಕೊಂಡೆ. ಎಲ್ಲ ಒಟ್ಟು ಮಾಡಿ, ತಂತ್ರಾಂಶ ತಯಾರಿಸಿದವರಿಗೆ ಕಳಿಸೋಣ, ಜೊತೆಗೆ ಒಂದು ಕನ್ನಡ ಕೈಪಿಡಿಯನ್ನೂ ಮಾಡೋಣ ಅಂತ ಯೋಚನೆ. ಆದರೆ ಸಲಹೆಗಳನ್ನು ವಿಂಗಡಿಸಲು ಕೂತರೆ ಕೆಲವು ಪದಗಳೇ ಮುಂದೆ ಹೋಗಲು ಬಿಡುತ್ತಿಲ್ಲ.

ಒಬ್ಬರು ಬರೆದಿದ್ದಾರೆ: "ಆವೃತ್ತಿ ಎಲ್ಲಿದೆ ಅಂತ ಹುಡುಕಬೇಕಾಗುತ್ತೆ. ಮೇಲೇ ಕಾಣುವ ಹಾಗೆ ಇಡಿ." ಕಂಪ್ಯೂಟರ್ ಕನ್ನಡಕ್ಕೆ ಒಗ್ಗಿದವರು ಇದನ್ನು ಓದಿದರೆ ವರ್ಷನ್ ನಂಬರ್ ಕೇಳುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಕೇಳಿದವರ ತಲೆಯಲ್ಲಿದ್ದದ್ದು ಹೈಸ್ಕೂಲು ಗಣಿತದ ಆವೃತ್ತಿ. ಒಂದು ಅಂಕ ಎಷ್ಟು ಸಲ ಬಂದಿದೆ ಎಂಬ ಎಣಿಕೆ. ಆವೃತ್ತಿ ವಿತರಣಾ ಪಟ್ಟಿ, ಸಂಚಿತ ಆವೃತ್ತಿ, ಓಜೀವ್ ಎಲ್ಲ ನೆನಪಿದೆ ಅಲ್ವಾ?

ಅವರ ಸಲಹೆಯಲ್ಲಿ ಹುರುಳಿದೆ. ಜಮೋವಿಯ ಮೇಲಿನ ಸಾಲಿನಲ್ಲಿ 'ಫ್ರೀಕ್ವೆನ್ಸೀಸ್' ಅಂತ ಒಂದು ಗುಂಡಿ ಇದೆ. ಒತ್ತಿದರೆ ಸಿಗುವುದು ಕೈ-ಸ್ಕ್ವೇರ್, ಬೈನಾಮಿಯಲ್ ತರಹದ ಪರೀಕ್ಷೆಗಳು. ಸಾದಾ ಆವೃತ್ತಿ ಪಟ್ಟಿ ಬೇಕೆಂದರೆ 'ಎಕ್ಸ್‌ಪ್ಲೊರೇಶನ್' ಒಳಗಿನ 'ಡಿಸ್ಕ್ರಿಪ್ಟಿವ್ಸ್'ಗೆ ಹೋಗಿ ಅಲ್ಲಿ ಟಿಕ್ ಹಾಕಬೇಕು. ಹೊಸಬರಿಗೆ ಇದು ಹೇಗೆ ಹೊಳೆಯಬೇಕು? ಈ ಸಲಹೆ ವರ್ಷನ್ ವಿಷಯ ಅಂತ ಬೇರೆ ಗುಂಪಿಗೆ ಸೇರಿಬಿಟ್ಟರೆ ಅಲ್ಲೇ ಸತ್ತುಹೋಗುತ್ತದೆ.

ನನ್ನ ಪ್ರಕಾರ ಇಲ್ಲಿ ಜಾಗ ಬಿಟ್ಟುಕೊಡಬೇಕಾದ್ದು ತಂತ್ರಾಂಶದ ಪದ. ಸರಾಸರಿ, ಮಧ್ಯಾಂಕ, ಬಹುಲಕ, ಆವೃತ್ತಿ ಇವೆಲ್ಲ ಮಕ್ಕಳು ಪರೀಕ್ಷೆಗೆ ಓದಿ ಪಳಗಿದ ಪದಗಳು. ಅವನ್ನು ಅಲುಗಾಡಿಸಿದರೆ ಕನ್ನಡದ ಕೈಪಿಡಿ ಇದ್ದೂ ಉಪಯೋಗವಿಲ್ಲ. 'ಹೊಸ ವರ್ಷನ್ ಬಂದಿದೆ, ಅಪ್‌ಡೇಟ್ ಮಾಡ್ಕೊ' ಅಂತ ಎಲ್ಲರೂ ಹೇಳುತ್ತಾರೆ, ಅದು ವರ್ಷನ್ ಅಂತಲೇ ಇರಲಿ. ಗೆಳೆಯರೊಬ್ಬರು ಫ್ರೀಕ್ವೆನ್ಸಿಯನ್ನೇ 'ಆವರ್ತನ' ಮಾಡಿ ಅಂತಾರೆ. ನನಗೆ ಒಪ್ಪಿಗೆಯಿಲ್ಲ. ಗೊತ್ತಿರುವ ಪದ ಕೈಯಲ್ಲಿರುವಾಗ ಇನ್ನೊಂದು ಯಾಕೆ?

'ದೋಷ'ದ ಕಥೆ ಇನ್ನೂ ಸಿಕ್ಕು. "ದೋಷ ತೋರಿಸುವುದೇ ಇಲ್ಲ, ಸುಮ್ನೆ ಇರುತ್ತೆ" ಅಂತ ಒಂದು ಸಾಲು. ಇದು ಸ್ಟಾಂಡರ್ಡ್ ಎರರ್ ಎಂಬ ಅಂಕಿ ಕೋಷ್ಟಕದಲ್ಲಿ ಬರುತ್ತಿಲ್ಲ ಎಂಬ ಮಾತೋ, ಕಮಾಂಡ್ ತಪ್ಪಾದರೂ ಎರರ್ ಮೆಸೇಜ್ ಬರುತ್ತಿಲ್ಲ ಎಂಬುದೋ? ಬರೆದವರನ್ನು ಕೇಳಿದ ಮೇಲೆ ಮೊದಲನೆಯದು ಅಂತ ಗೊತ್ತಾಯಿತು. ಇದರ ಮೇಲೆ ಬಗ್‌ಗೂ, ಅಂದರೆ ತಂತ್ರಾಂಶದೊಳಗೇ ಉಳಿದ ತಪ್ಪಿಗೂ, ನಾವು ದೋಷ ಅಂತಲೇ ಬರೆಯುತ್ತೇವೆ.

ಬಗ್‌ಗೆ ಬಗ್ ಸಾಕು. ಆರ್‌ನಲ್ಲಿ ವಾರ್ನಿಂಗ್ ಬಂದರೂ ಕೆಲಸ ಮುಂದುವರಿಯುತ್ತದೆ, ಎರರ್ ಬಂದರೆ ನಿಂತೇಹೋಗುತ್ತದೆ. ಅವಕ್ಕೆ 'ಎಚ್ಚರಿಕೆ', 'ದೋಷ' ಸರಿಹೊಂದುತ್ತವೆ. ತೊಡಕಿರುವುದು ಸ್ಟಾಂಡರ್ಡ್ ಎರರ್‌ನಲ್ಲಿ. 100 ಜನರ ಅಂಕಗಳ ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 15 ಇದ್ದರೆ ಸರಾಸರಿಯ ಸ್ಟಾಂಡರ್ಡ್ ಎರರ್ 1.5. ಬೇರೆ 100 ಜನರನ್ನು ಆರಿಸಿದ್ದರೆ ಸರಾಸರಿ ಸುಮಾರು ಎಷ್ಟು ಅತ್ತಿತ್ತ ಆಗುತ್ತಿತ್ತು ಎಂಬುದರ ಅಂದಾಜು ಅದು. ಅದರಲ್ಲಿ ಯಾರ ತಪ್ಪೂ ಇಲ್ಲ. 'ಮಾನಕ ದೋಷ' ಅಂದ ಕೂಡಲೇ ಹುಡುಗರು ಲೆಕ್ಕ ಎಲ್ಲಿ ಕೆಟ್ಟಿತು ಅಂತ ಹುಡುಕಲು ಶುರು ಮಾಡುತ್ತಾರೆ. 'ಸರಾಸರಿಯ ಏರುಪೇರು' ಅಂದರೆ ಹೇಗೆ? ಮಾನಕ ವಿಚಲನೆಯ ಜೊತೆ ಗೊಂದಲ ಆಗಬಹುದು ಎಂಬ ಅಳುಕೂ ಇದೆ.

'ಬೆಲೆ'ಯದು ಸಣ್ಣ ತಾಪತ್ರಯ. ಗಣಿತದಲ್ಲಿ 'ಎಕ್ಸ್‌ನ ಬೆಲೆ' ಅಂತ ಕಲಿತವರು ಎಪಿಎಂಸಿಯ ರಾಗಿ ಬೆಲೆ ಹಾಕಿಕೊಂಡು "ಬಿಟ್ಟುಹೋದ ಬೆಲೆ ಎಷ್ಟಿದೆ ಅಂತ ಹೇಳಬೇಕು" ಅಂದರು. ಮಿಸ್ಸಿಂಗ್ ವ್ಯಾಲ್ಯೂ, ಅಂದರೆ ತುಂಬದೆ ಖಾಲಿ ಉಳಿದ ಅಂಕಿ, ಅವರ ಮನಸ್ಸಿನಲ್ಲಿದ್ದದ್ದು. ಆರ್‌ನಲ್ಲಿ ಒಂದು ಮನೆ ಖಾಲಿ ಇದ್ದರೂ ಸರಾಸರಿಯ ಜಾಗದಲ್ಲಿ ಬರೀ 'ಎನ್ಎ' ಬರುತ್ತದೆ, ಬಿಟ್ಟು ಲೆಕ್ಕ ಹಾಕು ಅಂತ ನಾವೇ ಹೇಳಬೇಕು. ಮಾರುಕಟ್ಟೆಯದಕ್ಕೆ 'ಧಾರಣೆ' ಅಂದುಬಿಟ್ಟರೆ ಇದು ಬಗೆಹರಿಯುತ್ತದೆ.

ನಿಜವಾಗಿ ಸಿಕ್ಕಿಬಿದ್ದಿರುವುದು ಸಿಗ್ನಿಫಿಕೆಂಟ್‌ನಲ್ಲಿ, ಅಂದರೆ ಪಿ ಬೆಲೆ ತೀರಾ ಕಡಿಮೆ ಬಂದ ಫಲಿತಾಂಶವನ್ನು ಕರೆಯುವ ಪದದಲ್ಲಿ. ನಿಜಕ್ಕೂ ವ್ಯತ್ಯಾಸವೇ ಇಲ್ಲದಿದ್ದರೂ ಬರೀ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಕಾಣುವ ಸಂಭವ ಎಷ್ಟು ಎಂಬುದೇ ಪಿ ಬೆಲೆ. "ಫಲಿತಾಂಶ ಗಣನೀಯವೋ ಅಲ್ಲವೋ ಅಂತ ಬರೆದೇ ತೋರಿಸಲಿ" ಎಂಬ ಸಲಹೆ ಮತ್ತೆ ಮತ್ತೆ ಬಂದಿದೆ. ಕಾರಣ ಗೊತ್ತಾಗುತ್ತದೆ. ಕೆಲವು ತಂತ್ರಾಂಶಗಳು 'ಸಿಗ್' ಅಂಕಣದಲ್ಲಿ .000 ಅಂತ ತೋರಿಸುತ್ತವೆ, ಹುಡುಗರು ಅದನ್ನು ಪಿ ಬೆಲೆ ಸೊನ್ನೆ ಅಂತಲೇ ಪ್ರಬಂಧದಲ್ಲಿ ಬರೆದುಬಿಡುತ್ತಾರೆ. ಅದು ಸೊನ್ನೆಯಲ್ಲ, 0.001ಕ್ಕಿಂತ ಕಡಿಮೆ. ಆರ್ ಆದರೆ ರಿಗ್ರೆಶನ್ ಕೋಷ್ಟಕದ ಪಕ್ಕ ನಕ್ಷತ್ರ ಹಾಕುತ್ತದೆ. 0.001ಕ್ಕಿಂತ ಕಡಿಮೆಯಾದರೆ ಮೂರು.

ಆದರೆ ಪತ್ರಿಕೆಯ ಕನ್ನಡದಲ್ಲಿ 'ಗಣನೀಯ ಏರಿಕೆ' ಅಂದರೆ ಜಾಸ್ತಿ ಏರಿಕೆ. ತಲಾ 50,000 ವಿದ್ಯಾರ್ಥಿಗಳ ಎರಡು ಗುಂಪು, ಮಾನಕ ವಿಚಲನೆ 15, ಸರಾಸರಿಯಲ್ಲಿ ಬರೀ ಅರ್ಧ ಅಂಕದ ವ್ಯತ್ಯಾಸ ಅಂತಿಟ್ಟುಕೊಳ್ಳಿ. ಲೆಕ್ಕ ಹಾಕಿ ನೋಡಿ, ಮೂರು ನಕ್ಷತ್ರ ಬರುತ್ತದೆ! ಅರ್ಧ ಅಂಕವನ್ನು ಗಣನೀಯ ಅಂತ ಯಾವ ಮೇಷ್ಟ್ರು ಒಪ್ಪುತ್ತಾರೆ? 'ಅರ್ಥಪೂರ್ಣ', 'ಮಹತ್ವದ', 'ಗಮನಾರ್ಹ' ಇವಕ್ಕೂ ಇದೇ ಗತಿ. 'ಸಾರ್ಥಕ' ಅಂದರೆ ಯಾರಿಗೋ ಸನ್ಮಾನ ಮಾಡಿದ ಹಾಗೆ ಕೇಳುತ್ತದೆ. ಪಿ ಬೆಲೆ ಪರಿಣಾಮದ ಗಾತ್ರವನ್ನು ಅಳೆಯುವುದಿಲ್ಲ ಅಂತ ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲಿ ಹೇಳಿಕೆಯನ್ನೇ ಹೊರಡಿಸಿತು. ಅಂದರೆ ಇಂಗ್ಲಿಷಿನವರೂ ಈ ಪದದಿಂದ ಒದ್ದಾಡುತ್ತಿದ್ದಾರೆ. ಅವರ ಒದ್ದಾಟವನ್ನು ನಾವು ಯಾಕೆ ಮೈಮೇಲೆ ಎಳೆದುಕೊಳ್ಳಬೇಕು?

ನನಗೆ ತೋಚಿದ್ದು ಇಷ್ಟು. ಒಂದೇ ವಿಶೇಷಣದ ಬದಲು ತಂತ್ರಾಂಶ ಒಂದು ಸಾಲು ಬರೆಯಲಿ: 'ವ್ಯತ್ಯಾಸ 0.5 ಅಂಕ, ಪಿ ಬೆಲೆ 0.001ಕ್ಕಿಂತ ಕಡಿಮೆ.' ಸಲಹೆಗಳ ಜೊತೆ ಇದನ್ನೂ ಸೇರಿಸಿ ಕಳಿಸುತ್ತೇನೆ. ಆದರೂ ಕೈಪಿಡಿಯಲ್ಲಿ ಪದ ಇಲ್ಲದೆ ಪಾಠ ನಡೆಯುವುದಿಲ್ಲ.

ಪದವಿ ತರಗತಿಗಳಲ್ಲಿ ಸಂಖ್ಯಾಶಾಸ್ತ್ರವನ್ನು ಕನ್ನಡದಲ್ಲಿ ಪಾಠ ಮಾಡಿದವರು ಇಲ್ಲಿ ಇದ್ದರೆ, ಸಿಗ್ನಿಫಿಕೆಂಟ್‌ಗೆ ಹಲಗೆಯ ಮೇಲೆ ಏನು ಬರೆಯುತ್ತಿದ್ದಿರಿ? ಬಾಯಲ್ಲಿ ಏನು ಹೇಳುತ್ತಿದ್ದಿರಿ? ಎರಡೂ ಬೇರೆ ಇದ್ದರೆ ಎರಡನ್ನೂ ತಿಳಿಸಿ. ಸ್ಟಾಂಡರ್ಡ್ ಎರರ್‌ಗೆ 'ಏರುಪೇರು' ನಡೆಯುತ್ತದಾ ಅಂತಲೂ ಹೇಳಿ.